ಬಾಯಲ್ಲಿ ಹೇಳುವ ಓಟು

ಶೆಫೀಲ್ಡ್
ಅಕ್ಟೋಬರ್ 14

ಅಮ್ಮಾ,

ಬಂದು ತಲುಪಿದ್ದೇನೆ, ಚಳಿಗೆ ಸತ್ತಿಲ್ಲ, ಅಜ್ಜಿ ಕಟ್ಟಿಕೊಟ್ಟ ಆಲಿವ್ ಬಾಟಲಿ ಒಡೆದಿಲ್ಲ. ಇಷ್ಟು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನವಾಗಿ ಓದುತ್ತೀಯ.

ಏಳು ವರ್ಷ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಏನು ಮಹಾ ಎಂದು ವಿಮಾನ ನಿಲ್ದಾಣದಲ್ಲಿ ಅಂದೆಯಲ್ಲ. ಅಲ್ಲಿ ಗಂಟೆ ಹೊಡೆಯುತ್ತಿದ್ದರು ಅಮ್ಮ. ಹೊಡೆದರೆ ಏಳುವುದು, ಹೊಡೆದರೆ ಉಣ್ಣುವುದು, ಹೊಡೆದರೆ ಪ್ರಾರ್ಥನೆ. ಇಲ್ಲಿ ಯಾರೂ ಏನೂ ಹೊಡೆಯುವುದಿಲ್ಲ. ಮೊನ್ನೆ ಊಟ ಮಾಡುವುದನ್ನೇ ಮರೆತೆ. ಕ್ಲಾಸಿಗೆ ಹೋಗುವ ಮುಂಚೆ ಬಾಗಿಲು ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಮೆಟ್ಟಿಲು ಹತ್ತಿ ನೋಡಿ ಬರುತ್ತೇನೆ. ಪಕ್ಕದ ಕೋಣೆಯ ಹೆಟ್ಟಿ ಕೇಳಿದಳು, "ಮಾಲ್ಟಾದವಳಾ? ಮತ್ತೆ ಇಂಗ್ಲಿಷ್ ಇಷ್ಟು ನೀಟಾಗಿ ಮಾತಾಡ್ತೀಯ?" ನಮ್ಮಪ್ಪ ಇಲ್ಲಿಯ ಹಲ್ ಊರಿನವರು, ತೀರಿಕೊಂಡು ಎಂಟು ವರ್ಷವಾಯಿತು, ಅತ್ತೆ ಇಲ್ಲೇ ಇಂಗ್ಲೆಂಡಿನ ಹಾಸ್ಟೆಲ್ಲಿಗೆ ಹಾಕಿ ಓದಿಸಿದರು ಎಂದೆ. "ಓ, ಹಂಗಾದ್ರೆ ಅರ್ಧ ನಮ್ಮವಳೇ ಬಿಡು!" ಎಂದಳು. ಊರಿನಲ್ಲಿ ನೆನು ಮಾವನೂ ಹೀಗೇ ಅನ್ನುತ್ತಾರೆ, ಅರ್ಧ ನಮ್ಮವಳು ಎಂದು. ಇಬ್ಬರ ಅರ್ಧ ಕೂಡಿಸಿದರೂ ನಾನು ಪೂರ್ತಿ ಆಗುತ್ತೇನೆ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲ ಪ್ರಬಂಧ ಕೊಟ್ಟಿದ್ದಾರೆ. ಎರಡೇ ಪಕ್ಷಗಳು ಆಳುವ ದೇಶದಲ್ಲಿ ಮೂರನೆಯದು ಯಾಕೆ ಬೇರು ಬಿಡುವುದಿಲ್ಲ? ಓದಿ ನಗು ಬಂತು. ಇದಕ್ಕೆ ಲೈಬ್ರರಿ ಯಾಕೆ, ನಮ್ಮೂರಿನ ಚೌಕದಲ್ಲಿ ಒಂದು ಕುರ್ಚಿ ಹಾಕಿ ಕೂತರೆ ಸಾಕಲ್ಲ!

ಆಮೇಲೆ ನೆನು ಮಾವ ಫೋನ್ ಮಾಡಿದರು. ಕಾರಿಡಾರಿನ ಫೋನು, ಹಿಂದೆ ಮೂವರು ಕ್ಯೂ ನಿಂತಿದ್ದರು. "ನಿಮ್ಮಮ್ಮ ಗ್ಯಾರೇಜಿಗೆ ಹೋಗಿ ಬಂದ್ಲಂತೆ, ಊರೆಲ್ಲ ಅದೇ ಮಾತು" ಅಂದರು. ಕಾರು ಕೆಟ್ಟಿತೇ ಎಂದು ಕೇಳಿದೆ. ಅವರು ನಗಲಿಲ್ಲ.

ನಿಜವೇ ಅಮ್ಮ? ಬೇಗ ಬರೆ.

ನಿನ್ನ ತೆಕ್ಲಾ

*

ಹಾಲ್ ಮಿಲಾಹ್
ಅಕ್ಟೋಬರ್ 29

ತೆಕ್ಲಾ,

ಮೊದಲು ಊಟ ಮಾಡು, ಆಮೇಲೆ ಓದು.

ನಿಜ. ಗ್ಯಾರೇಜಿಗೆ ಹೋಗಿದ್ದೆ. ಹೊಸ ಪಕ್ಷಕ್ಕೆ ಕಚೇರಿ ಎಂದು ಇರುವುದು ಅದೊಂದೇ, ಅದೂ ಒಬ್ಬ ದಂತವೈದ್ಯರ ಕಾರು ನಿಲ್ಲಿಸುವ ಜಾಗ. ಸಭೆ ಇದ್ದ ದಿನ ಕಾರು ಹೊರಗೆ, ನಾವು ಒಳಗೆ. ಅದಕ್ಕೇ ಊರಿನವರು ನಮ್ಮನ್ನು ಗ್ಯಾರೇಜಿನವರು ಅನ್ನುವುದು. ಆಳುವ ಪಕ್ಷದವರ ಮೇಲಿನ ಕ್ಲಬ್ಬಿಗೆ ಅಮೃತಶಿಲೆಯ ನೆಲ ಇದೆ, ವಿರೋಧ ಪಕ್ಷದವರ ಕೆಳಗಿನ ಕ್ಲಬ್ಬಿಗೆ ಹೊಸ ಬಾಲ್ಕನಿ ಇದೆ. ನಮಗೆ ಒಂದು ಬಲ್ಬು, ಹನ್ನೊಂದು ಕುರ್ಚಿ.

ಆ ನೆಲ, ಆ ಬಾಲ್ಕನಿ ಎರಡನ್ನೂ ಹಾಕಿಸಿಕೊಟ್ಟವನು ಯಾರು ಎಂದು ನಿನಗೆ ಗೊತ್ತು. ಅವನ ಕಲ್ಲುಗಣಿ ಈಗ ಶಾಲೆಯ ಕಾಂಪೌಂಡಿಗೆ ಬಂದು ತಾಗಿದೆ. ನನ್ನ ಮೂರನೇ ಕ್ಲಾಸಿನ ಮಕ್ಕಳು ಬರೆಯುವ ಮುಂಚೆ ಪುಸ್ತಕದ ಧೂಳು ಊದುತ್ತಾರೆ, ಊದಿದ ಮೇಲೆ ಕೆಮ್ಮುತ್ತಾರೆ. ಮೇಲಿನ ಕ್ಲಬ್ಬಿಗೆ ಹೋಗಿ ಹೇಳಿದೆ. "ಟೀಚರ್, ಚುನಾವಣೆ ಆಗ್ಲಿ, ನೋಡೋಣ" ಎಂದರು. ಚೌಕ ದಾಟಿ ಕೆಳಗಿನ ಕ್ಲಬ್ಬಿಗೆ ಹೋದೆ. "ಚುನಾವಣೇಲಿ ಅವ್ರನ್ನ ಸೋಲ್ಸಿ ಟೀಚರ್, ಆಮೇಲೆ ನೋಡೋಣ" ಎಂದರು. ಚೌಕದ ಮಧ್ಯೆ ನಿಂತೆ ತೆಕ್ಲಾ. ಎರಡೇ ಬಾಗಿಲು, ಎರಡೂ ಕಡೆ ಅದೇ ಕಲ್ಲು.

ಫೆಬ್ರವರಿಯ ಚುನಾವಣೆಗೆ ನಮ್ಮ ಕ್ಷೇತ್ರದಿಂದ ನಾನು ನಿಲ್ಲುತ್ತಿದ್ದೇನೆ. ಗೆಲ್ಲುವುದಿಲ್ಲ, ಅಷ್ಟು ಬುದ್ಧಿ ಇದೆ. ಆದರೆ ಮೂರನೆಯ ಬಾಗಿಲೊಂದು ಇದೆ ಎಂದು ಚೀಟಿಯ ಮೇಲಾದರೂ ಅಚ್ಚಾಗಲಿ.

ನೆನು ಮಾತು ಬಿಟ್ಟಿದ್ದಾನೆ. ಮೇಲಿನ ಕ್ಲಬ್ಬಿನ ಬಾರ್ ನಡೆಸುವವನ ಅಕ್ಕ ಗ್ಯಾರೇಜಿನಲ್ಲಿ ನಿಂತರೆ ಅವನ ಮುಖ ಎಲ್ಲಿಡುವುದು? ನಿನ್ನ ಅಜ್ಜಿ ಮಾತ್ರ ಬೈಯಲಿಲ್ಲ. "ಬೆಚ್ಚಗೆ ಹಾಕ್ಕೊಂಡು ಹೋಗು, ಗ್ಯಾರೇಜಲ್ಲಿ ಗಾಳಿ ಬರುತ್ತೆ" ಅಂದಳು, ಅಷ್ಟೆ. ಅವಳ ಕಣ್ಣಿನ ಪೊರೆ ಈಗ ಎರಡಕ್ಕೂ ಬಲಿತಿದೆ. ನಿನ್ನೆ ಸಕ್ಕರೆ ಎಂದು ಉಪ್ಪು ಹಾಕಿ ಕಾಫಿ ಕೊಟ್ಟಳು. ಕುಡಿದೆ.

ಅಮ್ಮ

*

ಶೆಫೀಲ್ಡ್
ನವೆಂಬರ್ 17

ಅಮ್ಮಾ,

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ. ನಿನಗೆ ಹೆದರಿಕೆಯೇ ಆಗುವುದಿಲ್ಲವೇ? ನನಗೆ ಇಬ್ಬರ ಪಾಲಿನದೂ ಆಗುತ್ತಿದೆ.

ಪ್ರಬಂಧ ವಾಪಸ್ ಬಂತು. ಮೇಷ್ಟ್ರು ಅಂಚಿನಲ್ಲಿ ಬರೆದಿದ್ದಾರೆ: "ವಾದ ಸರಿ. ಉದಾಹರಣೆ ಎಲ್ಲಿ?" ಓಟು ಪೋಲಾಗುವ ಭಯ, ದೊಡ್ಡ ಪಕ್ಷಗಳ ಹಣ ಎಂದೆಲ್ಲ ಬರೆದಿದ್ದೆ. ಉದಾಹರಣೆ ಎಂದರೆ ನಿನ್ನ ಹೆಸರು ಬರೆಯಬೇಕಿತ್ತು. ಬರೆಯಲಿಲ್ಲ.

ನಿದ್ದೆ ಬಾರದ್ದು ಅದಕ್ಕಲ್ಲ. ಅಜ್ಜಿಯ ಓಟಿಗೆ.

ಅಮ್ಮ, ಅವಳಿಗೆ ಕಾಣುವುದಿಲ್ಲ. ಕಾಣದವರು ಪರದೆಯ ಹಿಂದೆ ಹೋಗುವ ಹಾಗಿಲ್ಲವಲ್ಲ. ಹಿಂದಿನ ಸಲ ಮೂಲೆಮನೆಯ ಕುರುಡು ತಾತನನ್ನು ಟೇಬಲ್ಲಿನ ಮುಂದೆ ಕೂರಿಸಿ, ಎರಡೂ ಪಕ್ಷದವರು ನೇಮಿಸಿದ ಅಧಿಕಾರಿಗಳು ಸುತ್ತ ಕೂತು, "ಯಾರಿಗೆ ಒಂದು? ಯಾರಿಗೆ ಎರಡು?" ಎಂದು ಇಷ್ಟದ ಕ್ರಮದಲ್ಲಿ ಹೆಸರುಗಳ ಮುಂದೆ ಹಾಕುವ ನಂಬರುಗಳನ್ನು ಕೇಳಿ ಕೇಳಿ ಬರೆದುಕೊಂಡರು ಎಂದು ನೀನೇ ಹೇಳಿದ್ದೆ. ತಾತ ಮನೆ ತಲುಪುವ ಮುಂಚೆ ಊರಿಗೆಲ್ಲ ಅವನ ಓಟು ತಲುಪಿತ್ತಂತೆ. ಈಗ ಅಜ್ಜಿ ಅಲ್ಲಿ ಕೂರಬೇಕು. ನಿನ್ನ ಹೆಸರು ಹೇಳಿದರೆ ನೆನು ಮಾವನ ಬಾರು ಹೋಯಿತು. ಮಾವನ ಪಕ್ಷದವರ ಹೆಸರು ಹೇಳಿದರೆ ಅವಳು ತನ್ನ ಮಗಳನ್ನು ಊರೆದುರು ಬಿಟ್ಟುಕೊಟ್ಟ ಹಾಗೆ. ಎಂಬತ್ತು ವರ್ಷದವಳು, ಹೇಗೆ ತಡೆಯುತ್ತಾಳೆ?

ಪೊರೆ ತೆಗೆಸಿಬಿಡು. ಚುನಾವಣೆಗೆ ಮುಂಚೆ, ಒಂದು ಕಣ್ಣಾದರೂ. ಆಗ ಅವಳು ಪರದೆಯ ಹಿಂದೆ ಹೋಗಿ ತನಗೆ ಬೇಕಾದದ್ದು ಬರೆದು ಬರಲಿ. ನಿನಗೇ ಹಾಕಬೇಕೆಂದು ಹೇಳುತ್ತಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿರುವಂತೆ ಆಗಲಿ, ಅಷ್ಟೆ.

ಕ್ರಿಸ್‌ಮಸ್‌ಗೆ ಬರುವುದಿಲ್ಲ, ಹಲ್‌ನ ಅತ್ತೆಯ ಮನೆಗೆ ಹೋಗುತ್ತೇನೆ. ಓಟು ಹಾಕುವವರಿಗೆ ಫೆಬ್ರವರಿಯಲ್ಲಿ ಅಗ್ಗದ ವಿಮಾನ ಬಿಡುತ್ತಾರಂತೆ. ಅದಕ್ಕೆ ಬರುತ್ತೇನೆ. ನನ್ನ ಮೊದಲ ಓಟು.

ತೆಕ್ಲಾ

*

ಹಾಲ್ ಮಿಲಾಹ್
ಡಿಸೆಂಬರ್ 9

ತೆಕ್ಲಾ,

ನೀನು ಬರೆದದ್ದನ್ನೇ ನಾನು ಎರಡು ತಿಂಗಳಿಂದ ಯೋಚಿಸುತ್ತಿದ್ದೆ. ಕಾಗದದಲ್ಲಿ ಕಂಡಾಗ ಸಿಟ್ಟು ಬಂತು, ಯಾಕೋ.

ದೊಡ್ಡಾಸ್ಪತ್ರೆಗೆ ಅಜ್ಜಿಯನ್ನು ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು. "ಸುಲಭದ ಆಪರೇಷನ್, ಆದರೆ ನಿಮ್ಮ ಸರದಿ ಮುಂದಿನ ವರ್ಷದ ಕೊನೆಗೆ" ಎಂದರು. ಖಾಸಗಿಯಾಗಿ ಮಾಡಿಸೋಣವೆಂದರೆ ನಿನ್ನ ಹಾಸ್ಟೆಲ್ಲಿಗೆ ಕಟ್ಟಿದ ಮೇಲೆ ನನ್ನ ಹತ್ತಿರ ಏನುಳಿದಿದೆ ಎಂದು ನಿನಗೆ ಗೊತ್ತು. ಇದನ್ನು ಓದಿ ಊಟ ಬಿಡಬೇಡ.

ಬಸ್ಸಿನಲ್ಲಿ ಬರುವಾಗ ಅಜ್ಜಿ ಅಂದಳು, "ನೆನುಗೆ ಹೇಳಿದ್ರೆ ವಾರದೊಳಗೆ ಆಗುತ್ತೆ." ಆಗುತ್ತೆ. ಮೇಲಿನ ಕ್ಲಬ್ಬಿನ ವಕೀಲರು ಈ ಸಲವೂ ಅಭ್ಯರ್ಥಿ. ಅವರು ಒಂದು ಫೋನ್ ಮಾಡಿದರೆ ಸರದಿ ಜಿಗಿಯುತ್ತದೆ. ಊರಿನಲ್ಲಿ ಯಾರ ಮನೆಯ ಫೋನ್ ಸಂಪರ್ಕ, ಯಾರ ಮಗನ ಕೆಲಸ ಹಾಗೆ ಬಂದಿಲ್ಲ ಹೇಳು? ನಾನು ಗ್ಯಾರೇಜಿನಲ್ಲಿ ನಿಂತು ಎದುರಾಡುತ್ತಿರುವುದೇ ಆ ಫೋನಿಗೆ.

"ಬೇಡ ಅಮ್ಮ" ಎಂದೆ.

"ಸರಿ" ಎಂದಳು. ಮನೆಗೆ ಬಂದು ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜುತ್ತ ಕೂತಳು. ಬ್ರೆಡ್ಡಿನ ಅಂಚು ಸಿಗದೆ ಅಂಗೈಗೆ ಉಜ್ಜಿಕೊಂಡಳು. ನನಗೆ ಕಾಣದ ಹಾಗೆ ಏಪ್ರನ್ನಿಗೆ ಒರೆಸಿಕೊಂಡಳು.

ಮಾರನೆಯ ದಿನ ನಾನು ಪ್ರಚಾರಕ್ಕೆಂದು ಹೊರಟಾಗ ನೆನು ಚೌಕ ದಾಟಿ ಮನೆಯ ಕಡೆ ಬರುತ್ತಿದ್ದ. ನನ್ನನ್ನು ನೋಡಿ ಚರ್ಚಿನ ಕಡೆ ತಿರುಗಿದ. ಅವನು ಬಂದದ್ದು ಯಾತಕ್ಕೆಂದು ಗೊತ್ತಿದ್ದೂ ನಾನೂ ನೋಡದವಳಂತೆ ನಡೆದೆ. ಬೇಡ ಎಂದು ಎರಡನೆಯ ಸಲ ನಾನು ಹೇಳಲಿಲ್ಲ ತೆಕ್ಲಾ. ಹೂಂ ಎಂದೂ ಹೇಳಲಿಲ್ಲ.

ಅಮ್ಮ

*

ಹಾಲ್ ಮಿಲಾಹ್
ಜನವರಿ 12

ಪುಟ್ಟಿ ತೆಕ್ಲಾ,

ನಿನ್ನ ನೆನು ಮಾವ ಕಾಗದ ಬರೀತಿದಾನೆ ಅಂದ್ರೆ ವಿಶೇಷವೇ ಇರಬೇಕಲ್ಲ! ಇದೆ. ಅಜ್ಜಿಯ ಬಲಗಣ್ಣಿನ ಪೊರೆ ತೆಗೆದರು. ಹೂವು ಎತ್ತಿದ ಹಾಗೆ. ಪಟ್ಟಿ ಬಿಚ್ಚಿದ ಕೂಡಲೆ ನನ್ನ ಮುಖ ನೋಡಿ, "ನೆನು, ಇಷ್ಟು ದಪ್ಪ ಯಾವಾಗ ಆದ್ಯೋ?" ಅಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಎಡಗಣ್ಣು ಜೂನಿನಲ್ಲಿ, ಅದಕ್ಕೂ ಹೇಳಿಟ್ಟಿದ್ದೇನೆ.

ನೀನು ಇಂಗ್ಲೆಂಡಿನಲ್ಲಿ ಓದುವವಳು, ಏನೇನೋ ಅಂದುಕೊಳ್ಳುತ್ತೀಯ. ಅದಕ್ಕೇ ಹೇಳಿಬಿಡುತ್ತೇನೆ. ಯಾರೂ ಏನೂ ಕೇಳಿಲ್ಲ. ವಕೀಲರು ನಿನ್ನೆ ಒಂದು ಬುಟ್ಟಿ ಕಿತ್ತಳೆ ತಂದು ಅಜ್ಜಿಯ ಪಕ್ಕ ಕೂತರು. ಓಟು ಅನ್ನುವ ಮಾತು ಬಾಯಿಂದ ಬರಲಿಲ್ಲ. "ಚೆನ್ನಾಗಿ ಕಾಣುತ್ತಾ ಅಮ್ಮ?" ಅಂದರು. "ಕಾಣುತ್ತಪ್ಪ" ಅಂದಳು. "ಅಷ್ಟೇ ಸಾಕು ನಂಗೆ" ಅಂತ ಕೈ ಹಿಡಿದು, ಎದ್ದು ಹೋದರು. ಇಂಥ ಮನುಷ್ಯನ ವಿರುದ್ಧ ನಿಮ್ಮಮ್ಮ ಬಲ್ಬು ಹಾಕಿಕೊಂಡು ಗ್ಯಾರೇಜಿನಲ್ಲಿ ಭಾಷಣ ಮಾಡುತ್ತಾಳೆ. ಮೊನ್ನೆ ಎಷ್ಟು ಜನ ಇದ್ದರು ಗೊತ್ತಾ? ಒಂಬತ್ತು. ಅದರಲ್ಲಿ ಇಬ್ಬರು ಮಳೆ ಬಂತೆಂದು ಒಳಗೆ ಹೋದವರು.

ನಗಬೇಡ. ನನಗೂ ನಗು ಬರುವುದಿಲ್ಲ. ನನ್ನ ಅಕ್ಕ ಅವಳು. ಚಿಕ್ಕವನಿದ್ದಾಗ ನನ್ನನ್ನು ಬೆನ್ನ ಮೇಲೆ ಹೊತ್ತು ಮೇಲಿನ ಕ್ಲಬ್ಬಿನ ಬ್ಯಾಂಡು ತೋರಿಸಿದವಳೇ ಅವಳು. ಈಗ ಬಾರಿನಲ್ಲಿ ಯಾರಾದರೂ ಅವಳ ಬಗ್ಗೆ ಜೋಕ್ ಮಾಡಿದರೆ ನಾನು ಗ್ಲಾಸು ಒರೆಸುತ್ತ ನಿಲ್ಲುತ್ತೇನೆ. ಇನ್ನೇನು ಮಾಡಲಿ?

ಫೆಬ್ರವರಿಯಲ್ಲಿ ಬರುತ್ತೀಯಲ್ಲ, ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಕೆಳಗಿನ ಕ್ಲಬ್ಬಿನವರು ಬೋರ್ಡು ಹಿಡಿದು ನಿಂತಿರುತ್ತಾರೆ, ಅವರ ಕಾರು ಹತ್ತಬೇಡ.

ನಿನ್ನ ಮಾವ
ನೆನು

*

ಹಾಲ್ ಮಿಲಾಹ್
ಫೆಬ್ರವರಿ 3

ತೆಕ್ಲಾ,

ಅಜ್ಜಿಯ ವಿಷಯ ಬರೆಯಲೇಬೇಕು, ಬೇರೇನೂ ಬರೆಯಲು ಮನಸ್ಸಿಲ್ಲ.

ಅವಳಿಗೆ ಈಗ ಎಲ್ಲ ಕಾಣುತ್ತದೆ. ಮನೆಯಲ್ಲಿ ಜೇಡರಬಲೆ ಎಷ್ಟಿವೆ ಎಂದು ನನಗೇ ಗೊತ್ತಿರಲಿಲ್ಲ. ಕುರ್ಚಿಯ ಮೇಲೆ ಹತ್ತಿ ಗುಡಿಸುತ್ತಾಳೆ, ಇಳಿ ಎಂದರೆ ಕೇಳುವುದಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದಳು. "ಚೆತ್ತೀನಾ, ಕೂದಲು ಯಾವಾಗ ಬೆಳ್ಳಗಾಯ್ತೇ? ನೀನು ಹೇಳ್ಲೇ ಇಲ್ಲ" ಎಂದಳು. ಅದನ್ನೂ ಹೇಳಬೇಕಿತ್ತೇ?

ಪೊಲೀಸಿನವನು ಓಟಿನ ಗುರುತುಚೀಟಿಗಳನ್ನು ತಂದುಕೊಟ್ಟು ಹೋದ. ಅಜ್ಜಿ ಅವಳದ್ದನ್ನು ಸಹಿ ಮಾಡಿ ತೆಗೆದುಕೊಂಡಳು. ನಾನು ಹೊಸದಾಗಿ ಟೀಚರಾಗಿದ್ದಾಗ ಅಡಿಗೆಮನೆಯ ಟೇಬಲ್ಲಿನಲ್ಲಿ ಕೂರಿಸಿ ಅವಳಿಗೆ ಅಕ್ಷರ ಕಲಿಸಿದ್ದೆನಲ್ಲ, ಅದೇ ಗುಂಡು ಗುಂಡು ಸಹಿ. ಮಾದರಿ ಚೀಟಿಯನ್ನು ಅವಳ ಮುಂದೆ ಇಟ್ಟೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ಮೇಲಿನ ಕ್ಲಬ್ಬಿನವರು, ಕೆಳಗಿನ ಕ್ಲಬ್ಬಿನವರು, ಕಟ್ಟಕಡೆಗೆ ಗ್ಯಾರೇಜಿನ ಅಭ್ಯರ್ಥಿಗಳು ನಾವು ಮೂವರು. ನನ್ನ ಹೆಸರಿನ ಹತ್ತಿರ ಬೆರಳು ಬಂದಾಗ ನಾನು ಒಲೆಯ ಕಡೆ ತಿರುಗಿಕೊಂಡೆ. ಅವಳು ಓದಿದಳೋ ಇಲ್ಲವೋ ಗೊತ್ತಿಲ್ಲ.

"ಪರದೆ ಒಳಗೆ ಪೆನ್ಸಿಲ್ ಇರುತ್ತಾ?" ಎಂದು ಕೇಳಿದಳು.

"ಇರುತ್ತೆ ಅಮ್ಮ, ದಾರ ಕಟ್ಟಿರ್ತಾರೆ."

"ಯಾರೂ ಬರೋದಿಲ್ಲ ಅಲ್ಲಿ?"

"ಯಾರೂ ಬರೋದಿಲ್ಲ."

ಇಷ್ಟೇ ತೆಕ್ಲಾ. ನಾನು ಏನನ್ನೂ ಕೇಳುವುದಿಲ್ಲ. ಆದರೆ ಮನೆಮನೆಗೆ ಹೋಗಿ ಬಾಗಿಲು ಮುಖಕ್ಕೆ ಹಾಕಿಸಿಕೊಂಡು ಬಂದಾಗ ಆ ಪರದೆ ನೆನಪಿಗೆ ಬರುತ್ತದೆ. ಅದರ ಹಿಂದೆ ನನ್ನ ಅಮ್ಮ ಒಬ್ಬಳೇ ನಿಂತಿರುತ್ತಾಳೆ. ಈ ಚುನಾವಣೆಯಲ್ಲಿ ನಾನು ಗೆಲ್ಲಬಹುದಾದದ್ದು ಅದೊಂದೇ. ಶನಿವಾರ ನಾನು ಕ್ಷೇತ್ರವೆಲ್ಲ ತಿರುಗಬೇಕು, ಅಜ್ಜಿಯನ್ನು ನೀನೇ ಕರೆದುಕೊಂಡು ಹೋಗು.

ಅಮ್ಮ

*

ಶೆಫೀಲ್ಡ್
ಮಾರ್ಚ್ 1

ಅಮ್ಮಾ,

ಊರಿನಲ್ಲಿದ್ದ ನಾಲ್ಕು ದಿನ ನೀನು ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ವಿಮಾನ ನಿಲ್ದಾಣದಲ್ಲಿ ನಾನು ಬಾಯಿ ತೆರೆದೆ, ನೀನು "ಸ್ವೆಟರ್ ಹಾಕಿಕೊಂಡೆಯಾ?" ಎಂದೆ. ಇಲ್ಲಿಗೆ ಬಂದ ಮೇಲೆ ಬರೆಯುವುದು ಹೇಡಿತನ ಎಂದು ಗೊತ್ತು. ನಿನಗೆ ಆಗಲೇ ಯಾರಾದರೂ ಹೇಳಿರುತ್ತಾರೆ. ಆದರೂ ಅವರು ಹೇಳಿದ್ದು ಒಂದೇ ಆಗಬಾರದು, ನಾನು ನೋಡಿದ್ದೂ ನಿನ್ನ ಹತ್ತಿರ ಇರಲಿ.

ನಿನ್ನ ಕ್ಲಾಸ್‌ರೂಮಿನಲ್ಲೇ ಮತಗಟ್ಟೆ. ಕ್ಯೂ ಹೊರಗಿನ ಜಗಲಿಯವರೆಗೂ ಇತ್ತು. ಅಜ್ಜಿ ಕಪ್ಪು ಕೋಟು ಹಾಕಿಕೊಂಡು, ಚೀಲ ಹಿಡಿದು, ಮದುವೆಗೆ ಹೊರಟವಳ ಹಾಗೆ ನಿಂತಿದ್ದಳು. ಖುಷಿಯಾಗಿಯೇ ಇದ್ದಳು ಅಮ್ಮ. ಕಿಟಕಿಯಿಂದ ಒಳಗೆ ಇಣುಕಿ, "ಗೋಡೇಲಿ ಆ ಬೆಕ್ಕು ಯಾರು ಬರೆದಿದ್ದು? ಕತ್ತೆ ಥರ ಇದೆ" ಎಂದಳು. ಆಮೇಲೆ ನನ್ನನ್ನು ತಿರುಗಿಸಿ, "ಕೋಟಿನ ಅಂಚು ಬಿಟ್ಟಿದೆ ನೋಡು, ಮೂರು ಹೊಲಿಗೆ ಹಾಕಿದ್ರೆ ಸಾಕು. ಇಂಗ್ಲೆಂಡಲ್ಲಿ ಸೂಜಿ ಇಲ್ವಾ?" ಎಂದಳು. ನನ್ನ ಬೆನ್ನ ಹಿಂದಿನ ಅಂಚು, ನಾನೇ ನೋಡಿರಲಿಲ್ಲ.

ಬಾಗಿಲ ಹತ್ತಿರ ಬಂದೆವು. ಅಜ್ಜಿ ಚೀಲ ತೆರೆದಳು. ಆಪರೇಷನ್ ಆದಾಗ ಕೊಟ್ಟಿದ್ದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡಳು. ನನ್ನ ಮೊಣಕೈ ಹಿಡಿದಳು. ಅವಳ ನಡಿಗೆಯೇ ಬದಲಾಯಿತು, ಹೊಸಿಲನ್ನು ಕಾಲಿನಿಂದ ತಡವಿ ದಾಟಿದಳು. ಬಿಸಿಲಿಗೆ ಕಣ್ಣು ಕುಕ್ಕಿತೇನೋ ಎಂದುಕೊಂಡೆ, ಅಷ್ಟು ದಡ್ಡಿ ನಾನು.

"ನಂಗೆ ಕಾಣೋದಿಲ್ಲಪ್ಪ. ಯಾರಾದ್ರೂ ಬರ್ಕೊಳ್ಳಿ" ಎಂದಳು.

ಅಧಿಕಾರಿಗಳು ಬೇರೆ ಊರಿನವರು. ಆದರೆ ಬೆಂಚಿನ ಮೇಲೆ ಕೂತ ಏಜೆಂಟರು ನಮ್ಮೂರವರೇ. ಮೇಲಿನ ಕ್ಲಬ್ಬಿನ ಪರ ಬೇಕರಿ ರೊಕ್ಕು, ಕೆಳಗಿನ ಕ್ಲಬ್ಬಿನ ಪರ ದಿನಸಿ ಅಂಗಡಿಯ ವಿತೋರಿ. ವಿತೋರಿ ಸುಮ್ಮನಿರಲಿಲ್ಲ. "ಏನ್ ಫಿಲುಮೇನಾ ಅಮ್ಮ, ಮೊನ್ನೆ ನನ್ನ ಅಂಗಡೀಲಿ ಹುರುಳಿಕಾಯಿ ಒಳಗಿನ ಹುಳ ತೋರಿಸಿ ಜಗಳ ಮಾಡಿದ್ರಲ್ಲ!"

"ಹುಳ ದೊಡ್ಡದಿತ್ತು" ಎಂದಳು ಅಜ್ಜಿ.

ಎಲ್ಲರೂ ನಕ್ಕರು. ರೊಕ್ಕು ನಗಲಿಲ್ಲ, ಅವನು ತನ್ನ ಬೂಟು ನೋಡುತ್ತಿದ್ದ. ಅಧಿಕಾರಿ ಮೆಲ್ಲಗೆ, "ಅಮ್ಮ, ಒಂದ್ಸಲ ಪರದೆ ಹಿಂದೆ ಹೋಗಿ ನೋಡ್ತೀರಾ? ದೊಡ್ಡಕ್ಷರ ಇದೆ" ಎಂದರು. ಪರದೆ ಅವಳಿಂದ ಎರಡು ಹೆಜ್ಜೆ ದೂರದಲ್ಲಿತ್ತು ಅಮ್ಮ. ದಾರ ಕಟ್ಟಿದ ಪೆನ್ಸಿಲ್ ನನಗೇ ಕಾಣುತ್ತಿತ್ತು.

"ಬೇಡಪ್ಪ. ಇಲ್ಲೇ ಹೇಳ್ತೀನಿ."

ನನ್ನನ್ನು ಆಚೆ ನಿಲ್ಲಲು ಹೇಳಿದರು, ನಿಂತೆ. ಅವಳಿಗೆ ಕಿವಿ ಮಂದವಲ್ಲ, ಆದರೂ ಗಟ್ಟಿಯಾಗಿ ಹೇಳಿದಳು. ಜಗಲಿಯವರೆಗೆ ಕೇಳಿಸಿತು. "ವಕೀಲರಿಗೆ ಒಂದು." ಆಮೇಲೆ ಎರಡು, ಮೂರು, ನಾಲ್ಕು, ಮೇಲಿನ ಕ್ಲಬ್ಬಿನವರೆಲ್ಲರನ್ನೂ ಸಾಲಾಗಿ, ಜಪ ಮಾಡುವ ಹಾಗೆ. "ಇನ್ನು ಬೇರೆಯವರಿಗೆ ನಂಬರ್ ಕೊಡಬೇಕಾ?" ಎಂದು ಅಧಿಕಾರಿ ಕೇಳಿದರು. ನಿನಗೆ ಕೊನೆಯ ನಂಬರ್ ಆದರೂ ಕೊಡುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ವಿತೋರಿಯೂ ಕತ್ತು ಚಾಚಿದ.

"ಸಾಕು" ಎಂದಳು.

ಬರೆದದ್ದು ಸರಿಯಾಗಿದೆಯೇ ಎಂದು ಚೀಟಿಯನ್ನು ಅವಳ ಮುಂದೆ ಹಿಡಿದರು, ಅದು ಅವರ ನಿಯಮವಂತೆ. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಕಪ್ಪು ಕನ್ನಡಕದ ಮುಂದೆ ಬಹಳ ಹೊತ್ತು ಹಿಡಿದಳು. ಮಡಚಿದಳು. ಪೆಟ್ಟಿಗೆಯ ಸೀಳನ್ನು ತಡವದೆ, ನೇರ ಹಾಕಿದಳು.

ಆಮೇಲೆ ನಾನು ಪರದೆಯ ಹಿಂದೆ ಹೋದೆ. ನಿನ್ನ ಹೆಸರಿನ ಮುಂದೆ ಅವಸರದಲ್ಲಿ ಬರೆದ ‘ಒಂದು’ ಸೊಟ್ಟಗಾಯಿತು. ಅಳಿಸಲು ರಬ್ಬರ್ ಇರಲಿಲ್ಲ. ಓಟು ಕೆಟ್ಟಿತೇನೋ ಎಂದು ಇವತ್ತಿನವರೆಗೂ ಹೆದರಿಕೆ.

ದಾರಿಗೆ ಬಂದೆವು. ಅಜ್ಜಿ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡು, "ಬಾ, ಪಸ್ತಿಜ್ಜಿ ತಿನ್ನೋಣ, ಬಿಸಿ ಇರ್ತಾವೆ" ಎಂದಳು. ತಿಂದೆವು. ಯಾಕೆ ಅಜ್ಜಿ ಎಂದು ಕೇಳಬೇಕಿತ್ತು. ಬಾಯಿ ತುಂಬ ಪಸ್ತಿಜ್ಜಿ ಇತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ತೆಕ್ಲಾ

*

ಹಾಲ್ ಮಿಲಾಹ್
ಮಾರ್ಚ್ 15

ತೆಕ್ಲಾ,

ನಿನ್ನ ಓಟು ಕೆಟ್ಟಿಲ್ಲ. ನಮ್ಮ ಶಾಲೆಯ ಪೆಟ್ಟಿಗೆಯಲ್ಲಿ ನನಗೆ ಬಂದದ್ದು ಎರಡು, ಒಂದು ನನ್ನದು. ಎಣಿಕೆಯ ದಿನ ತಡೆಯಾಚೆ ಎರಡೂ ಪಕ್ಷದವರು ಸಾಲಾಗಿ ನಿಂತು ಒಂದೊಂದು ಚೀಟಿಗೂ ಗೀಟು ಹಾಕಿಕೊಳ್ಳುತ್ತಿದ್ದರು. ನಮ್ಮ ಪರವಾಗಿ ದಂತವೈದ್ಯರೊಬ್ಬರೇ ಇದ್ದರು. ನಿನ್ನ ಚೀಟಿ ಬಂದಾಗ ಅವರು, "ಟೀಚರ್, ಇದ್ಯಾರೋ ಭೂಕಂಪದಲ್ಲಿ ಕೂತು ಬರೆದಿದಾರೆ" ಎಂದರು. ಗುರುತಾಯಿತು.

ಅಜ್ಜಿಯದು ಶನಿವಾರ ಮಧ್ಯಾಹ್ನವೇ ತಿಳಿಯಿತು. ಮೂರು ಊರು ದೂರದಲ್ಲಿದ್ದೆ. ಒಬ್ಬಳು ಬಾಗಿಲು ತೆರೆದು, "ನಿಮ್ಮಮ್ಮನೇ ನಿಮಗೆ ಹಾಕ್ಲಿಲ್ಲವಂತೆ, ನಾವ್ಯಾಕೆ ಹಾಕೋಣ ಟೀಚರ್?" ಎಂದಳು. ಕೆಟ್ಟ ಮನಸ್ಸಿನಿಂದ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನಾನು ಮುಂದಿನ ಬಾಗಿಲಿಗೆ ನಡೆದೆ.

ಕಪ್ಪು ಕನ್ನಡಕದ ವಿಷಯ ನೀನು ಬರೆದ ಮೇಲೆಯೇ ಗೊತ್ತಾದದ್ದು. ಎರಡು ದಿನ ಅಜ್ಜಿಯ ಮೇಲೆ ಸಿಟ್ಟು ಮಾಡಲು ನೋಡಿದೆ. ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಅವಳ ಕಣ್ಣು ಬಿಡಿಸಲೆಂದು ಅಂದು ಚೌಕದಲ್ಲಿ ಮುಖ ತಿರುಗಿಸಿ ನಡೆದವಳು ನಾನೇ. ಪರದೆಯ ಹಿಂದೆ ಕಳಿಸಲೆಂದು ಮಾಡಿದ್ದು ಅವಳನ್ನು ಪರದೆಯ ಈಚೆಗೇ ಕೂರಿಸಿತು. ಪೊರೆ ಇದ್ದಿದ್ದರೆ ಅವಳು ಬಾಯಿ ಬಿಟ್ಟು ಏನು ಹೇಳುತ್ತಿದ್ದಳೋ, ಯಾರಿಗೆ ಗೊತ್ತು? ಅದನ್ನು ಯೋಚಿಸಬಾರದು ಎಂದುಕೊಂಡಿದ್ದೇನೆ, ದಿನಾ ಯೋಚಿಸುತ್ತೇನೆ.

ಗೆದ್ದವರ ಕಾರಿನ ಮೆರವಣಿಗೆ ನಮ್ಮ ಬೀದಿಗೂ ಬಂದಿತ್ತು, ನೀನು ಕಿವಿಗೆ ದಿಂಬು ಒತ್ತಿಕೊಂಡು ಒಳಗಿದ್ದೆ. ನಾನು ಬಾಲ್ಕನಿಯ ಗಾಜಿನ ಹಿಂದೆ ನಿಂತಿದ್ದೆ. ನೆನುವಿನ ಕಾರು ಬಂತು, ಬಾವುಟ ಇತ್ತು. ನಮ್ಮ ಮನೆ ಬಂದ ಕೂಡಲೆ ಹಾರ್ನ್ ನಿಂತಿತು. ಮನೆ ದಾಟಿದ ಮೇಲೆ ಮತ್ತೆ ಶುರುವಾಯಿತು. ಅವನಿಂದ ಆಗುವುದು ಅಷ್ಟು.

ಗಣಿಯವನು ಶಾಲೆಯ ಹಿಂದಿನ ಹೊಲಕ್ಕೂ ಅನುಮತಿ ಕೇಳಿದ್ದಾನೆ. ಮಕ್ಕಳು ಪುಸ್ತಕ ಊದುತ್ತಾರೆ.

ಕನ್ನಡಕದ ವಿಷಯ ನನಗೆ ಗೊತ್ತಿದೆ ಎಂದು ಅಜ್ಜಿಗೆ ತಿಳಿಯುವುದು ಬೇಡ. ರಾತ್ರಿಯ ಊಟಕ್ಕೆ ಮುಂಚೆ ನನ್ನ ಅಂಗಿಗಳ ಗುಂಡಿ ಹೊಲಿಯುತ್ತ ಕೂರುತ್ತಾಳೆ. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಾಳೆ. ಪೋಣಿಸಿ ನನ್ನ ಕಡೆ ನೋಡುತ್ತಾಳೆ, ನಾನು ಶಭಾಸ್ ಎನ್ನಲಿ ಎಂದು. ಎನ್ನುತ್ತೇನೆ.

ಊಟ ಮಾಡು.

ಅಮ್ಮ

*

ಹಾಲ್ ಮಿಲಾಹ್
ಏಪ್ರಿಲ್ 10

ಮಗು ತೆಕ್ಲಾ,

ಇದು ನಿನ್ನ ಅಜ್ಜಿ. ನಾನೇ ಬರೆಯುತ್ತಿದ್ದೇನೆ. ಗೆರೆ ಸೊಟ್ಟ ಹೋದರೆ ನಗು, ಪರವಾಗಿಲ್ಲ.

ಈಸ್ಟರಿಗೆ ಬಾದಾಮಿಯ ಫಿಗೊಲ್ಲಾ ಮಾಡಿದ್ದೇನೆ. ನಿನಗೆ ಮೀನಿನ ಆಕಾರದ್ದು. ಮುರಿಯದ ಹಾಗೆ ಟವೆಲಿನಲ್ಲಿ ಸುತ್ತಿ ಕಳಿಸಿದ್ದೇನೆ. ಕೋಟಿನ ಅಂಚು ಹೊಲಿದೆಯಾ?

ನಿಮ್ಮಮ್ಮ ಸಣ್ಣಗಾಗಿದ್ದಾಳೆ. ನನ್ನ ಹತ್ತಿರ ನಗುತ್ತಾಳೆ. ನನಗೆ ಈಗ ಕಾಣುತ್ತೆ ಅನ್ನುವುದು ಅವಳಿಗೆ ಮರೆತುಹೋಗುತ್ತೆ. ನಿನಗೆ ಹೇಳುತ್ತೇನೆ, ಅವಳಿಗೆ ಹೇಳಬೇಡ. ಆ ವಕೀಲ ಕಿತ್ತಳೆ ತಂದು ಏನೂ ಕೇಳಲಿಲ್ಲ. ಕೇಳಿದ್ದರೆ ಬುಟ್ಟಿ ವಾಪಸ್ ಕೊಟ್ಟು ಇಲ್ಲ ಅನ್ನುತ್ತಿದ್ದೆ. ಕೇಳದೆ ಹೋದವರಿಗೆ ಇಲ್ಲ ಅನ್ನುವುದು ಹೇಗೆ ಮಗು? ಪರದೆ ಹಿಂದೆ ಹೋಗಿದ್ದರೆ ನಾನು ಏನು ಹಾಕಿದರೂ ಅವರು ನಂಬುತ್ತಿರಲಿಲ್ಲ, ಮಗಳಿಗೇ ಹಾಕಿದಳು ಅನ್ನುತ್ತಿದ್ದರು. ನೆನು ದಿನಾ ಅವರ ಗ್ಲಾಸು ತೊಳೆಯುವವನು.

ಚೀಟಿ ಕೈಗೆ ಕೊಟ್ಟರಲ್ಲ, ಆಗ ನೋಡಿದೆ. ನಿಮ್ಮಮ್ಮನ ಹೆಸರು ಕೆಳಗಿನಿಂದ ಎರಡನೆಯದು. ಮದುವೆಗೆ ಮುಂಚಿನ ನಮ್ಮ ಮನೆತನದ ಹೆಸರನ್ನೂ ಸೇರಿಸಿದ್ದರು. ಅಚ್ಚು ಚೆನ್ನಾಗಿ ಬಂದಿತ್ತು. ಎರಡು ಸಲ ಓದಿದೆ. ಮುಂದೆ ಖಾಲಿ ಚೌಕ ಇತ್ತು.

ಎಡಗಣ್ಣಿಗೆ ಜೂನಿನಲ್ಲಿ ಬನ್ನಿ ಎಂದು ನೆನು ಹೇಳಿ ಕಳಿಸಿದ್ದ. ಬೇಡ ಎಂದೆ. ಬೈದ. ಬೈಯಲಿ. ಓದುವುದಕ್ಕೆ ಒಂದು ಸಾಕು, ಇನ್ನೊಂದು ಯಾರ ಋಣಕ್ಕೂ ಸಿಗದೆ ಹಾಗೇ ಇರಲಿ. ಮುಂದಿನ ಚುನಾವಣೆ ಐದು ವರ್ಷಕ್ಕೆ ಅಲ್ಲವೇ? ನನಗೆ ಆಗ ಎಂಬತ್ತೈದು.

ಹೊಟ್ಟೆ ತುಂಬ ತಿನ್ನು.

ಅಜ್ಜಿ ಫಿಲುಮೇನಾ